ದೀಪ ದೊಡ್ಡದು ಮಾಡಿದ ಭಾನುವಾರ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಬೀದಿಯವರು ಮೊದಲು ಕೇಳುವುದು ನಯಾಗರದ ವಿಷಯ. ನಾನು ನಯಾಗರ ನೋಡಲಿಲ್ಲ. ಕನ್ನಡಕ್ಕೆ ಬಾಗಿಲು ಮುಚ್ಚುತ್ತಿದ್ದ ಒಂದು ಪುಟ್ಟ ಟಿ.ವಿ. ಕೇಂದ್ರವನ್ನು ನೋಡಿದೆ, ನೀರಿನ ಮೇಲೆ ತಲೆಕೆಳಗಾಗಿ ತೇಲುತ್ತಿದ್ದ ಶಿಕಾಗೋ ನಗರವನ್ನು ನೋಡಿದೆ. ಇಷ್ಟು ಹೇಳಿದಾಗ ಪಕ್ಕದ ಮನೆಯ ರಾಜಮ್ಮನವರು, "ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದರು. ಹೋಗಬೇಕಿತ್ತು. ಯಾಕೆಂದು ಹೇಳುತ್ತೇನೆ.

ಸ್ಕೋಕಿ

ನಾನು ಮೈಸೂರಿನಲ್ಲಿ ರೇಡಿಯೋ ಉದ್ಘೋಷಕಿಯಾಗಿದ್ದವಳು. ಗಡಿಯಾರದ ಮುಳ್ಳಿನ ಜೊತೆಗೇ ಉಸಿರಾಡಿ ಅಭ್ಯಾಸ. ನಿವೃತ್ತಳಾದ ಮೇಲೂ ಕೋಳಿ ಕೂಗುವ ಮುನ್ನ ಎಚ್ಚರ, ಸ್ನಾನ, ದೇವರ ದೀಪ, ಆಮೇಲೆ ಕಾಫಿ. ಸಮುದ್ರ ದಾಟಿದೆ ಎಂಬ ಕಾರಣಕ್ಕೆ ಈ ಕ್ರಮ ತಪ್ಪಬಾರದೆಂದು ಶಿಕಾಗೋ ಪಕ್ಕದ ಸ್ಕೋಕಿಯ ತಂಗಿಯ ಮನೆಯಲ್ಲಿ ಮೊದಲ ಬೆಳಗ್ಗೆಯೇ ಎದ್ದು, ಸ್ನಾನ, ದೀಪ ಮುಗಿಸಿ, ಕತ್ತಲೆಯಲ್ಲಿ ಗೋಡೆ ತಡವುತ್ತಾ ಅಡುಗೆಮನೆಗೆ ಬಂದೆ. ಅಲ್ಲಿ ಆಗಲೇ ಒಬ್ಬರು ಕೂತಿದ್ದರು. ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಬೂಟಿನ ದಾರ ಕಟ್ಟಿಕೊಂಡು, ಖಾಲಿ ಮೇಜಿನ ಮುಂದೆ.

"ಎದ್ರೇನ್ರಿ ಅಕ್ಕಾರ? ನಿದ್ದಿ ಬರಲಿಲ್ಲೇನ?" ಎಂದರು.

ಅವರು ಶ್ರೀಕಂಠ, ನನ್ನ ತಂಗಿ ವಿಜಿಯ ಗಂಡ. ಧಾರವಾಡದವರು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಆ ವರ್ಷ ಅಲ್ಲಿ ಯಾರ ಮನೆಗೆ ಹೋದರೂ ಆರ್ಥಿಕ ಹಿಂಜರಿತದ್ದೇ ಮಾತು. ಕಂಪನಿ ಮುಚ್ಚಿತ್ತು. ಹೋಗಲು ಆಫೀಸಿರಲಿಲ್ಲ, ಬೂಟು ಮಾತ್ರ ಹೊತ್ತಿಗೆ ಸರಿಯಾಗಿ ಕಾಲಿಗೆ ಏರುತ್ತಿತ್ತು. ಕ್ರಮವೆಂದರೆ ಏನೆಂದು ನನಗೆ ಗೊತ್ತು. ನಾನು ಕಾಫಿಗೆ ನೀರಿಟ್ಟೆ.

ಸ್ಕೋಕಿಯಲ್ಲಿ ಬೆಳಗು ಸದ್ದಿಲ್ಲದೆ ಆಗುತ್ತದೆ. ಹಾಲಿನವನಿಲ್ಲ, ಪೊರಕೆ ಸದ್ದಿಲ್ಲ, ಸುಪ್ರಭಾತವಿಲ್ಲ. ಮಂಜಿನೊಳಗಿಂದ ಮನೆಗಳು ಒಂದೊಂದಾಗಿ, ಯಾರೋ ನೆನಪು ಮಾಡಿಕೊಂಡ ಹಾಗೆ, ಮೂಡುತ್ತವೆ. ಅಂಗಳದ ಹುಲ್ಲನ್ನು ಎಲ್ಲರೂ ಒಂದೇ ಎತ್ತರಕ್ಕೆ ಕತ್ತರಿಸುತ್ತಾರೆ. ಅದು ನನಗೆ ಹಿಡಿಸಿತು. ಎದುರು ಸಾಲಿನ ಒಂದು ಮನೆಯ ಹುಲ್ಲು ಮಾತ್ರ ಮೊಣಕಾಲಿನವರೆಗೆ ಬೆಳೆದಿತ್ತು. ಅದರ ಮುಂದೆ ಮಾರಾಟಕ್ಕಿದೆ ಎಂಬ ಫಲಕ. ಅಲ್ಲಿದ್ದವರು ಎಲ್ಲಿಗೆ ಹೋದರೆಂದು ವಿಜಿಗೂ ಗೊತ್ತಿರಲಿಲ್ಲ.

ವಿಜಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಡಾಕ್ಟರು. ಮಗಳು ಅನಘಾ ಅಲ್ಲೇ ಹುಟ್ಟಿ, ಅಲ್ಲೇ ದಂತವೈದ್ಯೆಯಾದವಳು. ಅವಳ ಕನ್ನಡ ಅರ್ಥವಾಗುವ ಕನ್ನಡ, ಆದರೆ ಉತ್ತರ ಇಂಗ್ಲಿಷಿನಲ್ಲಿ. ನನ್ನನ್ನು ಮಾತ್ರ "ದೊಡ್ಡಮ್ಮಾ" ಎಂದು ಬಾಯಿತುಂಬ ಕರೆಯುತ್ತಾಳೆ.

ಶ್ರೀಕಂಠರು ಕಂಪನಿ ಕೆಲಸದ ಜೊತೆಗೆ ಇನ್ನೊಂದು ಕೆಲಸವನ್ನೂ ವರ್ಷಗಳಿಂದ ಮಾಡಿಕೊಂಡು ಬಂದಿದ್ದರು. ಭಾನುವಾರ ಬೆಳಗ್ಗೆ ಶಿಕಾಗೋದ ಒಂದು ಸಣ್ಣ ಟಿ.ವಿ. ಕೇಂದ್ರದಿಂದ ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮ. ಹೆಸರು 'ಅಂಗಳ'. ಮೊದಲು ದೀಪ ಹಚ್ಚುವುದು, ಊರಿನ ಸುದ್ದಿ, ಯಾರದೋ ಮಗುವಿನ ಹಾಡು, ಒಂದು ಅಡುಗೆ. ಊರಿನಿಂದ ಬಂದ ಅಜ್ಜ-ಅಜ್ಜಿಯರಿಗೆಂದು ಅದನ್ನು ಶುರು ಮಾಡಿದ್ದರಂತೆ.

"ಈ ಭಾನುವಾರದ್ದೇ ಕೊನೇದು ಅಕ್ಕ," ಎಂದು ವಿಜಿ ಪಾತ್ರೆ ಒರೆಸುತ್ತಾ ಮೆಲ್ಲಗೆ ಹೇಳಿದಳು. "ಆ ಸ್ಟೇಷನ್ನು ಹೊಸ ನೆಟ್‌ವರ್ಕಿಗೆ ಸೇರ್ತಿದೆ. ಕೆಲಸ ಹೋದಾಗಲೂ ಇವ್ರು ಇಷ್ಟು ಮಂಕಾಗಿರ್ಲಿಲ್ಲ. ಇವ್ರಿಗೆ ಒಂದೇ ಕೊರಗು. ಇಷ್ಟು ವರ್ಷ ನನ್ನನ್ನ ಬಿಟ್ಟು ಇನ್ಯಾರಾದ್ರೂ ಅದನ್ನ ನೋಡಿದ್ರಾ ಅಂತ."

"ಯಾರೂ ಫೋನ್ ಮಾಡಲ್ವಾ?"

"ಟಿ.ವಿ. ಕೆಳಗಡೆ ನಮ್ಮನೆ ನಂಬರೇ ಓಡ್ತಿರತ್ತೆ. ಮಾಡ್ತಾರೆ. ದೋಸೆಹಿಟ್ಟು ಹುದುಗೋದು ಹೇಗೆ ಅಂತ."

ಹದಿನಾಲ್ಕನೆಯ ಮಹಡಿ

ಕೊನೆಯ ಕಾರ್ಯಕ್ರಮವನ್ನು ನೇರ ಪ್ರಸಾರ ಮಾಡಲು ಕೇಂದ್ರದವರು ಒಪ್ಪಿದ್ದರು. ಗುರುವಾರ ತಾಲೀಮಿಗೆ ಶ್ರೀಕಂಠರು, ಅನಘಾ ಹೊರಟಾಗ ನಾನೂ ಜೊತೆಗೆ ಹೋದೆ.

ಹಳೆಯ ಇಟ್ಟಿಗೆ ಕಟ್ಟಡ. ಲಿಫ್ಟಿನಲ್ಲಿ ಹನ್ನೆರಡರ ಗುಂಡಿ ಆದ ಮೇಲೆ ಹದಿನಾಲ್ಕರದು. ಹದಿಮೂರು ಎಲ್ಲಿ ಎಂದು ಕೇಳಿದೆ. ಅನಘಾ ನಕ್ಕಳು. ಆ ಸಂಖ್ಯೆ ಅವರಿಗೆ ಅಶುಭವಂತೆ. ಮಹಡಿ ಇರುತ್ತದೆ, ಹೆಸರು ಮಾತ್ರ ಹೇಳುವುದಿಲ್ಲ. ಚಂದ್ರನ ಮೇಲೆ ಕಾಲಿಟ್ಟವರ ದೇಶದಲ್ಲಿ ಇದನ್ನು ಕಂಡು ನನಗೆ ಒಂಥರಾ ನೆಮ್ಮದಿಯಾಯಿತು. ನಾವೂ ಅಷ್ಟೇ ಅಲ್ಲವೇ? ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತೇವೆ. ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ.

ಕೇಂದ್ರವೆಂದರೆ ಮೂರು ಕೋಣೆ, ಒಂದು ಉದ್ದ ಕಾರಿಡಾರು, ಮತ್ತು ವಾಲ್ಟರ್. ಅವರೇ ಮ್ಯಾನೇಜರು, ಅವರೇ ಎಂಜಿನಿಯರು, ನಾವು ಹೋದಾಗ ಅವರೇ ನೆಲ ಗುಡಿಸುತ್ತಿದ್ದರು. ನನ್ನ ವಯಸ್ಸಿನವರೇ. ನಾನು ರೇಡಿಯೋದವಳೆಂದು ತಿಳಿದ ಕೂಡಲೇ ಪೊರಕೆ ಗೋಡೆಗೆ ಒರಗಿಸಿ ಕೈ ಕುಲುಕಿದರು.

ಅಮೆರಿಕದಲ್ಲಿ ಇಂಥ ಕೇಂದ್ರಗಳಿಗೆ ಲೋ ಪವರ್ ಕೇಂದ್ರಗಳೆಂದು ಹೆಸರು. ಸರಿಯಾಗಿ ಹೇಳಬೇಕೆಂದರೆ, ಕೆಲವು ಬಡಾವಣೆಗಳ ತನಕ ಕಾಣುವ ಟಿ.ವಿ. ದಿನವಿಡೀ ಸ್ವಂತ ಕಾರ್ಯಕ್ರಮ ಮಾಡುವ ಶಕ್ತಿ ಇವಕ್ಕಿಲ್ಲ. ಆದ್ದರಿಂದ ಯಾವುದಾದರೂ ದೊಡ್ಡ ನೆಟ್‌ವರ್ಕಿನ ಜೊತೆ ಒಪ್ಪಂದ ಮಾಡಿಕೊಂಡು, ಉಪಗ್ರಹದಿಂದ ಅವರು ಕಳಿಸಿದ್ದನ್ನು ಹಾಕುತ್ತವೆ. ನಡುವೆ ಉಳಿಯುವ ಸಂದುಗಳಲ್ಲಿ ಪೋಲಿಷ್ ಚರ್ಚಿನ ಪೂಜೆ, ಉರ್ದು ಕವಿಗಳ ಮುಶಾಯಿರಾ, ನಮ್ಮ 'ಅಂಗಳ'. ನೆಟ್‌ವರ್ಕ್ ಮುಳುಗಿದರೆ ಇನ್ನೊಂದನ್ನು ಹಿಡಿಯಬೇಕು. ನಮ್ಮೂರಿನ ಟೆಂಟ್ ಸಿನಿಮಾ ಒಂದು ಕಾಲದಲ್ಲಿ ನಾಟಕ ಕಂಪನಿಗೆ, ಆಮೇಲೆ ಸರ್ಕಸ್ಸಿಗೆ, ಕೊನೆಗೆ ಮದುವೆಗೆ ಜಾಗ ಕೊಟ್ಟ ಹಾಗೆ.

ಕಾರಿಡಾರಿನ ಗೋಡೆಯ ಮೇಲೆ ಆ ಚರಿತ್ರೆಯೆಲ್ಲ ಕಾಣುತ್ತಿತ್ತು. ಪ್ರತಿ ನೆಟ್‌ವರ್ಕೂ ತನ್ನ ಫಲಕ ತೂಗುಹಾಕಿ, ಹೋಗುವಾಗ ತೆಗೆದುಕೊಂಡು ಹೋಗಿತ್ತು. ಫಲಕವಿದ್ದ ಜಾಗಗಳಲ್ಲಿ ಬಣ್ಣ ಮಾಸದ ಚೌಕಗಳು ಉಳಿದಿದ್ದವು. ವಾಲ್ಟರ್ ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತಾ ನಡೆದರು. "ಇದು ಹಾಡುಗಳದು. ಇದು ಉಂಗುರ ಮಾರುತ್ತಿದ್ದವರದು. ಇದು ದೇವರದು." ಕೊನೆಯ ಮೊಳೆ ಖಾಲಿ ಇತ್ತು. "ಇವರು ಸೋಮವಾರ ಬರುತ್ತಾರೆ. ದಿನದ ಪ್ರತಿ ಗಂಟೆಯೂ ಅವರಿಗೇ ಬೇಕಂತೆ. ಹಳಬರು ಕಾಸಿಲ್ಲದೆ ಈ ಭಾನುವಾರಕ್ಕೆ ಮುಚ್ಚುತ್ತಿದ್ದಾರೆ. ನನಗೆ ಬೇರೆ ದಾರಿ ಇಲ್ಲ." ಶ್ರೀಕಂಠರ ಕಡೆ ನೋಡದೆ ಹೇಳಿದರು.

ಮೂರನೆಯ ಕೋಣೆಯಲ್ಲಿ ತಾಲೀಮು. ಅನಘಾ ಕ್ಯಾಮೆರಾ ಹಿಂದೆ. ಹಿತ್ತಾಳೆ ದೀಪ ಹಚ್ಚಿದೆವು, ಎರಡು ಮಾತಾಡಿದೆವು. ಮುಗಿದ ಮೇಲೆ ನಾನು ಅಭ್ಯಾಸಬಲದಿಂದ, "ಅನಘಾ, ದೀಪ ದೊಡ್ಡದು ಮಾಡಮ್ಮಾ," ಎಂದೆ.

ಅವಳು ದೊಡ್ಡದು ಮಾಡಿದಳು. ಬತ್ತಿಯನ್ನು ಚೆನ್ನಾಗಿ ಮುಂದೆ ಎಳೆದು, ಇರುವ ಎಣ್ಣೆಗೆ ಇನ್ನಷ್ಟು ಸುರಿದಳು. ಜ್ವಾಲೆ ಗೇಣುದ್ದ ಎದ್ದಿತು. "ಸಾಕಾ ದೊಡ್ಡಮ್ಮಾ?" ಎಂದು ಕೇಳುವಷ್ಟರಲ್ಲಿ ಸೂರಿನಲ್ಲಿದ್ದ ಹೊಗೆಗಂಟೆ ಕಿರುಚಿಕೊಂಡಿತು. ಒಂದಾದ ಮೇಲೊಂದರಂತೆ ಇಡೀ ಕಟ್ಟಡದ ಗಂಟೆಗಳು ಹೊಡೆದುಕೊಂಡವು. ಲಿಫ್ಟು ನಿಂತಿತು. ವಕೀಲರು, ದರ್ಜಿಗಳು, ಹಲ್ಲು ಕಟ್ಟುವವರು ಎಲ್ಲರೂ ಮೆಟ್ಟಿಲಿಳಿದು ಬೀದಿಗೆ ಬಂದರು. ಯಾರೂ ನೂಕಲಿಲ್ಲ, ಕೂಗಾಡಲಿಲ್ಲ, ಸಾಲಿನಲ್ಲಿ ಇಳಿದರು. ಅಷ್ಟು ಶಿಸ್ತನ್ನು ನಾನು ನಮ್ಮ ಶಾಲೆಯ ಪ್ರಾರ್ಥನೆಯಲ್ಲೂ ಕಂಡಿರಲಿಲ್ಲ.

"You said make it big!" ಅನಘಾಳ ಮುಖ ಕೆಂಪಾಗಿತ್ತು.

"ದೊಡ್ಡದು ಮಾಡು ಅಂದ್ರೆ ಆರಿಸು ಅಂತ ಕಣೇ."

"What? ದೊಡ್ಡದು means big. ನೀವು ದೊಡ್ಡಮ್ಮ, so ನೀವು off-ಆ?"

ಪಾದಚಾರಿ ಕಟ್ಟೆಯ ಮೇಲೆ ನಿಂತು ಶ್ರೀಕಂಠರು ನಗತೊಡಗಿದರು. ನಾನು ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ನಮ್ಮ ಕಡೆ ದೀಪ ಶಾಂತ ಮಾಡು ಅಂತೀವ್ರಿ ಅಕ್ಕಾರ. ನಿಮ್ಮ ಮೈಸೂರು ಕನ್ನಡ ಕೇಳಿದ್ರ ಊರಿಗೇ ಬೆಂಕಿ ಬೀಳ್ತದ ನೋಡ್ರಿ."

ಆರಿಸು, ನಂದಿಸು ಎಂಬ ಮಾತನ್ನು ಮನೆಯ ದೀಪಕ್ಕೆ ಆಡಬಾರದು ಎಂದು ನಮ್ಮಜ್ಜಿ ಕಲಿಸಿದ್ದನ್ನು ಅನಘಾಗೆ ವಿವರಿಸಿದೆ. ವಾಲ್ಟರಿಗೂ ಅವಳೇ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಕಟ್ಟಡದ ತುದಿಯ ಆಂಟೆನಾ ಕಡೆ ನೋಡುತ್ತಾ, "ಒಳ್ಳೆಯ ಮಾತು," ಎಂದರು.

ಡಿಯರ್‌ಬಾರ್ನ್

ಶುಕ್ರವಾರ ಡೆಟ್ರಾಯಿಟ್ ಕಡೆ ಹೊರಟೆವು. ಅಲ್ಲಿಯೂ ಇಂಥದೊಂದು ಕೇಂದ್ರವಿದೆ, ಇನ್ನೂ ಸಂದು ಉಳಿದಿರಬಹುದು ಎಂದು ಅದರ ಪಕ್ಕದ ಡಿಯರ್‌ಬಾರ್ನಿನ ಗುರುಪಾದ ಎಂಬ ಹಳೆಯ ಸ್ನೇಹಿತರು ಫೋನಿನಲ್ಲಿ ಹೇಳಿದ್ದರು. 'ಅಂಗಳ'ವನ್ನು ಅಲ್ಲಿಗೆ ಸಾಗಿಸಬಹುದೇ ಎಂಬ ಆಸೆ. ವಿಜಿಗೆ ರಜೆ ಇರಲಿಲ್ಲ. ನಾನು, ಶ್ರೀಕಂಠ, ಅನಘಾ ಮೂವರೇ.

ಅಲ್ಲಿನ ರಸ್ತೆಯಲ್ಲಿ ಗಂಟೆಗಟ್ಟಲೆ ಹೋದರೂ ಊರುಗಳು ಸಿಗುವುದಿಲ್ಲ. ಹೆದ್ದಾರಿಯಿಂದ ಹೊರಳುವ ಎಕ್ಸಿಟ್‌ಗಳು ಸಿಗುತ್ತವೆ. ಊರು ಆ ಹಸಿರು ಫಲಕದ ಹಿಂದೆ ಎಲ್ಲೋ ಇರುತ್ತದೆ ಎಂದು ನಂಬಬೇಕು. ಶ್ರೀಕಂಠರು ಮಾತಿನ ಭರದಲ್ಲಿ ಒಂದು ಎಕ್ಸಿಟ್ ತಪ್ಪಿಸಿದರು. ತಿರುಗಿ ಬರಲು ಹಲವು ಮೈಲಿ ಮುಂದೆ ಹೋಗಬೇಕಾಯಿತು. "ಇಲ್ಲಿ ತಪ್ಪು ಮಾಡಿದ್ರ ಕೂಡ್ಲೇ ತಿದ್ದಿಕೊಳ್ಳಾಕ ಬಿಡೂದಿಲ್ರಿ," ಎಂದರು. ನಾನು ಕಿಟಕಿಯಲ್ಲಿ ಜೋಳದ ಹೊಲಗಳನ್ನು ನೋಡುತ್ತಾ ತೂಕಡಿಸಿದೆ. ಎಚ್ಚರವಾದಾಗಲೂ ಅದೇ ಜೋಳ. ನಾವು ನಿಂತೇ ಇದ್ದೇವೆ, ನೆಲವನ್ನು ಯಾರೋ ಹಿಂದಕ್ಕೆ ಎಳೆಯುತ್ತಿದ್ದಾರೆ ಎನ್ನಿಸಿತು.

ಗುರುಪಾದ ಅಲ್ಲಿನ ದೊಡ್ಡ ಕಾರು ಕಂಪನಿಯಲ್ಲಿ ಎಂಜಿನಿಯರು. ನಾವು ಮನೆ ಮುಂದೆ ಇಳಿಯುವ ಮೊದಲೇ ಕೈಯಾಡಿಸುತ್ತಾ ಓಡಿಬಂದರು.

"ಬನ್ನಿ ಬನ್ನಿ, ನಮಸ್ಕಾರ ಅಮ್ಮ! ಶ್ರೀಕಂಠ, ಒಂದ್ ನಿಮಿಷ. ಗಾಡಿ ಗರಾಜ್ ಒಳಗೆ ಹಾಕ್ಬಿಡಪ್ಪ."

"ಯಾಕೋ? ಇಲ್ಲೇ ಜಾಗ ಐತಲ್ಲ."

"ಜಪಾನಿನ ಗಾಡಿ ಕಣಯ್ಯ! ಅಕ್ಕಪಕ್ಕ ಎಲ್ಲಾ ನಮ್ ಕಂಪನಿಯವ್ರೇ. ಬೆಳಗಾದ್ರೆ ಯಾರ್ ಕೆಲಸ ಇರತ್ತೆ, ಯಾರದು ಹೋಗತ್ತೆ ಅಂತ ಕೂತಿದಾರೆ. ಇದನ್ನ ನೋಡಿದ್ರೆ ನನ್ ಜೊತೆ ಮಾತು ಬಿಡ್ತಾರೆ."

ಜಾತಿ ಕೇಳಿ ನೀರು ಕೊಡುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಕಾರಿನ ಕುಲ ನೋಡಿ ಬಾಗಿಲು ತೆರೆಯುವುದನ್ನು ಅಲ್ಲಿ ಕಂಡೆ. ಆದರೂ ಗುರುಪಾದರ ಮುಖದಲ್ಲಿದ್ದ ಭಯ ನಿಜವಾದದ್ದು. ನಮ್ಮ ಗಾಡಿ ಗರಾಜಿನ ಕತ್ತಲೆಯಲ್ಲಿ, ಮಡಿಯಲ್ಲಿ ಕೂತವರ ಹಾಗೆ, ಬೇರೆಯಾಗಿ ಕೂತಿತು.

ಆ ಸಣ್ಣ ಕೇಂದ್ರ ಡೆಟ್ರಾಯಿಟ್ ಬದಿಯ ಒಂದು ಬೀದಿಯಲ್ಲಿತ್ತು. ಎಂಥ ಅಗಲದ ಬೀದಿ! ನಮ್ಮ ದಸರೆಯ ಮೆರವಣಿಗೆ ಪಕ್ಕಪಕ್ಕದಲ್ಲಿ ಎರಡು ಹೋಗಬಹುದು. ಹೋಗಲು ಮಾತ್ರ ಯಾರೂ ಇರಲಿಲ್ಲ. ಸಿಗ್ನಲ್ ದೀಪ ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗಿ, ಖಾಲಿ ರಸ್ತೆಗೆ ತನ್ನ ಕರ್ತವ್ಯ ಸಲ್ಲಿಸುತ್ತಿತ್ತು. ನನಗೆ ಅದರ ಮೇಲೆ ಗೌರವ ಹುಟ್ಟಿತು.

ಅಲ್ಲಿನ ಮ್ಯಾನೇಜರ್ ನಾದಿಯಾ ಎಂಬ ಹೆಂಗಸು. ಅವಳ ತಂದೆ ಲೆಬನಾನಿನಿಂದ ಬಂದವರು. ಸಣ್ಣ ಗಾಜಿನ ಲೋಟದಲ್ಲಿ ಪುದೀನ ಹಾಕಿದ ಚಹಾ ಕೊಟ್ಟು, ಶ್ರೀಕಂಠರು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದಳು. ಆಮೇಲೆ ಗೋಡೆಯ ಫಲಕ ತೋರಿಸಿದಳು. ವಾಲ್ಟರಿನ ಖಾಲಿ ಮೊಳೆಗೆ ಸೋಮವಾರ ಬರಲಿದ್ದ ನೆಟ್‌ವರ್ಕಿನದೇ ಹೆಸರು ಅದು.

"ಕಳೆದ ತಿಂಗಳು ಬಂದರು," ಎಂದಳು. "ಮೊದಲು ಹೋದದ್ದು ನನ್ನ ತಂದೆಯ ಅರಬ್ಬಿ ಕಾರ್ಯಕ್ರಮ. ಅದನ್ನು ಅವರಿಗೆ ನಾನೇ ಹೇಳಬೇಕಾಯಿತು."

"ನಿಮ್ಮ ಕೈಯಲ್ಲಿ ಏನೂ ಉಳಿದಿಲ್ಲವೇ?" ಎಂದು ಕೇಳಿದೆ.

"ಉಳಿದಿದೆ. ಗಂಟೆಗೊಮ್ಮೆ ಕೇಂದ್ರದ ಗುರುತು, ಊರಿನ ಹೆಸರು ತೋರಿಸಬೇಕು. ಅದು ಕಾನೂನು. ಆ ಕ್ಷಣ ಮಾತ್ರ ನಮ್ಮದು. ನಮ್ಮ ತಂದೆ ಅದನ್ನೇ ಕಾಯುತ್ತಾ ಕೂರುತ್ತಾರೆ."

ಶ್ರೀಕಂಠರು ಚಹಾ ಪೂರ್ತಿ ಕುಡಿದು, ಲೋಟವನ್ನು ತಟ್ಟೆಯಲ್ಲಿ ಮೆಲ್ಲಗೆ ಇಟ್ಟು, ಅವಳಿಗೆ ಕೈಮುಗಿದರು. ಕಾರಿನಲ್ಲಿ ಕೂತ ಮೇಲೆ ಹೇಳಿದ್ದು ಒಂದೇ ಮಾತು: "ಮುಗೀತ್ರಿ ಅಕ್ಕಾರ."

ಸರೋವರದ ಈಚೆ ದಡ

ಆ ರಾತ್ರಿ ಗುರುಪಾದರ ಮನೆಯಲ್ಲಿ ತಂಗಿ, ಶನಿವಾರ ವಾಪಸು. ಈ ಸಲ ಕಾರು ಅನಘಾಳ ಕೈಯಲ್ಲಿತ್ತು. ಸೇಂಟ್ ಜೋಸೆಫ್ ಎಂಬ ಊರಿನ ಬಳಿ ತಾನಾಗಿಯೇ ಸರೋವರದ ಕಡೆ ತಿರುಗಿಸಿದಳು. "ದೊಡ್ಡಮ್ಮ ಲೇಕ್ ನೋಡ್ಲಿ, ಅಪ್ಪಾ."

ಅದನ್ನು ಸರೋವರವೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆಚೆ ದಡ ಇಲ್ಲದ ನೀರು. ಆದರೆ ಉಪ್ಪಿನ ವಾಸನೆ ಇಲ್ಲ, ಅಲೆ ಇಲ್ಲ. ಸಮುದ್ರವನ್ನು ಯಾರೋ ನಿದ್ದೆ ಮಾಡಿಸಿದ್ದರು. ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಗಾಳಿ ಬೆಚ್ಚಗೆ, ನೀರು ಮಂಜುಗಡ್ಡೆಯಷ್ಟು ತಣ್ಣಗೆ. ಸೂರ್ಯ ಇಳಿಯುವ ಹೊತ್ತಿಗೆ ಅನಘಾ ನನ್ನ ತೋಳು ಹಿಡಿದುಕೊಂಡಳು.

ದಿಗಂತದ ಮೇಲೆ ಶಿಕಾಗೋ ನಿಂತಿತ್ತು. ಸರೋವರದ ಪೂರ್ತಿ ಅಗಲದಾಚೆ ಇರುವ ಊರು. ನೀರಿನಿಂದ ಒಂದು ಬೆರಳು ಮೇಲೆ ಗೋಪುರಗಳು ತೇಲುತ್ತಿದ್ದವು. ಅವುಗಳ ತಲೆಯ ಮೇಲೆ ಅವೇ ಗೋಪುರಗಳು ತಲೆಕೆಳಗಾಗಿ ಇಳಿಬಿದ್ದಿದ್ದವು. ಊರು ತನ್ನ ಕನಸಿನ ತುದಿಗೆ ತುದಿ ತಾಗಿಸಿಕೊಂಡು ನಿಂತ ಹಾಗೆ. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಇನ್ನೂ ಅಲ್ಲೇ ಇತ್ತು.

ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ನಮ್ಮನ್ನು ನೋಡಿ ನಕ್ಕ. ತಣ್ಣೀರಿನ ಮೇಲೆ ಬಿಸಿಗಾಳಿ ಮುಚ್ಚಳದ ಹಾಗೆ ಕೂತರೆ ಬೆಳಕು ಬಾಗುತ್ತದಂತೆ. "ಟಿ.ವಿ.ಯ ಅಲೆಯೂ ಬಾಗುತ್ತದೆ. ಇಂಥ ದಿನ ನಮ್ಮ ಮನೆಯಲ್ಲಿ ಶಿಕಾಗೋದ ಹವಾಮಾನ ಬರುತ್ತದೆ. ಅವರ ಮಳೆಗೆ ನಾವು ಕೊಡೆ ಹಿಡಿದುಕೊಂಡು ಹೊರಡುತ್ತೇವೆ," ಎಂದ.

ಶ್ರೀಕಂಠರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೂಟು ಕಳಚಿ, ಪ್ಯಾಂಟು ಮಡಿಸಿ, ಆ ಚಳಿ ನೀರಿನಲ್ಲಿ ಕಾಲಿಟ್ಟು, ಕತ್ತಲಾಗಿ ಊರು ಕರಗುವವರೆಗೂ ನಿಂತಿದ್ದರು.

ಭಾನುವಾರ

ವಿಜಿ ಮನೆಯಲ್ಲೇ ಉಳಿದಳು. ಟಿ.ವಿ. ನೋಡುವುದು, ಫೋನು ಎತ್ತುವುದು ಅವಳ ಪಾಲಿನ ಕೆಲಸ. ನಾವು ಮೂವರು ಹದಿನಾಲ್ಕನೆಯ ಮಹಡಿಗೆ ಹೋದೆವು. ಕಿಟಕಿಯಲ್ಲಿ ಸರೋವರ ಕನ್ನಡಿಯ ಹಾಗೆ ಮಿಸುಕದೆ ಬಿದ್ದಿತ್ತು.

ವಾಲ್ಟರ್ ಆ ದಿನ ಟೈ ಕಟ್ಟಿಕೊಂಡಿದ್ದರು. ಒಂದು ವಿಚಿತ್ರ ಹೇಳಿದರು. ದೇಶದ ದೊಡ್ಡ ಕೇಂದ್ರಗಳೆಲ್ಲ ಹಳೆಯ ಬಗೆಯ ಪ್ರಸಾರ ನಿಲ್ಲಿಸಿ ಡಿಜಿಟಲ್‌ಗೆ ಹೋಗಿದ್ದವು. ಸಣ್ಣವಕ್ಕೆ ಮಾತ್ರ ಹಳೆಯದರಲ್ಲೇ ಇರಲು ಬಿಟ್ಟಿದ್ದರು. "ಮೊದಲು ಗದ್ದಲದಲ್ಲಿ ನಮ್ಮ ದನಿ ಕೇಳುತ್ತಿರಲಿಲ್ಲ. ಈಗ ದೊಡ್ಡವರೆಲ್ಲ ಎದ್ದುಹೋದ ಮೇಲೆ ಖಾಲಿ ಸಭಾಂಗಣದಲ್ಲಿ ನಾವೊಬ್ಬರೇ ಪಿಸುಗುಡುತ್ತಿದ್ದೇವೆ."

ಪ್ರಸಾರಕ್ಕೆ ಸ್ವಲ್ಪ ಮುಂಚೆ ಶ್ರೀಕಂಠರು ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕಾರ, ಇದು ಕಡೀದು ಅನ್ನೋ ಮಾತು ನನ್ನ ಬಾಯಾಗ ಬರೂದಿಲ್ರಿ. ಕಡೀಗೆ ನೀವೇ ಹೇಳಿಬಿಡ್ರಿ. ನೀವು ದಿನಾ ಹೇಳಿದವರು."

ಹೌದು, ದಿನಾ ಹೇಳಿದವಳು. ಇಲ್ಲಿಗೆ ಇಂದಿನ ಪ್ರಸಾರ ಮುಕ್ತಾಯವಾಯಿತು. ನಿದ್ದೆಯಲ್ಲಿ ಎಬ್ಬಿಸಿದರೂ ಸ್ವರ ತಪ್ಪದೆ ಹೇಳಬಲ್ಲೆ. ಒಪ್ಪಿಕೊಂಡೆ.

ದೀಪ ಹಚ್ಚಿದೆವು. ಕ್ಯಾಮೆರಾದ ಪಕ್ಕದಲ್ಲಿ ವಾಲ್ಟರ್ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಅಪ್ಪಿಕೊಂಡು ದ್ವಾರಪಾಲಕನಂತೆ ನಿಂತರು. ಶ್ರೀಕಂಠರು ಎಂದಿನಂತೆ ಊರಿನ ಸುದ್ದಿ ಓದಿದರು, ದೋಸೆಹಿಟ್ಟು ಹುದುಗಿಸುವುದನ್ನು ಇನ್ನೊಮ್ಮೆ ಹೇಳಿದರು. ಹಿಂದೆ ಚಿತ್ರೀಕರಿಸಿಟ್ಟಿದ್ದ ಒಂದು ಮಗುವಿನ ಹಾಡು ಹಾಕಿದರು. ಅನಘಾಳ ಬಾಲ್ಯದ ಹಾಡು ಅದು, ಎರಡು ಸಾಲು ಹಾಡಿ ಮರೆತು ಅಮ್ಮನ ಕಡೆ ತಿರುಗುತ್ತಾಳೆ. ಕ್ಯಾಮೆರಾ ಹಿಂದೆ ನಿಂತ ದಂತವೈದ್ಯೆ ಮೂಗು ಒರೆಸಿಕೊಂಡದ್ದು ಕಂಡಿತು. ಆಮೇಲೆ ಶ್ರೀಕಂಠರು ನನ್ನ ಕಡೆ ನೋಡಿದರು.

"ವೀಕ್ಷಕರೇ, ಇಲ್ಲಿಗೆ," ಎಂದೆ.

ಮುಂದಿನ ಮಾತು ಬರಲಿಲ್ಲ. ಮೈಸೂರಿನಲ್ಲಿ ಮುಕ್ತಾಯವೆಂದು ನಿಶ್ಚಿಂತೆಯಿಂದ ಹೇಳುತ್ತಿದ್ದೆ, ಯಾಕೆಂದರೆ ಬೆಳಗಾದರೆ ಮತ್ತೆ ಆರಂಭ ಇರುತ್ತಿತ್ತು. ಇಲ್ಲಿ ಆ ಬೆಳಗು ಇರಲಿಲ್ಲ. ನನ್ನ ಇಡೀ ವೃತ್ತಿಯಲ್ಲಿ ನಾನು ಮೈಕಿನ ಮುಂದೆ ಸುಮ್ಮನಿದ್ದವಳಲ್ಲ. ದೀಪದ ಕಡೆ ನೋಡಿದೆ. ಬಾಯಿ ತಾನಾಗಿ ಹೇಳಿತು:

"ಇಲ್ಲಿಗೆ ನಾವು ಅಂಗಳದ ದೀಪ ದೊಡ್ಡದು ಮಾಡುತ್ತಿದ್ದೇವೆ. ಹೋಗಿ ಬರುತ್ತೇವೆ."

ಆರಿಸಲೆಂದು ತಟ್ಟೆಯಿಂದ ಹೂವೊಂದನ್ನು ತೆಗೆದುಕೊಂಡೆ. ಅಷ್ಟರಲ್ಲಿ ಪಕ್ಕದ ಪರದೆಯ ಮೇಲೆ ನಮ್ಮ ದೀಪ ಮಾಯವಾಗಿ ಯಾರೋ ಬಾಣಲೆ ಮಾರತೊಡಗಿದರು. ಹೊತ್ತಾದರೆ ಯಂತ್ರ ತಾನೇ ನೆಟ್‌ವರ್ಕಿಗೆ ಹೊರಳುತ್ತದೆ. ಹೂವಿನಿಂದ ದೀಪ ಮುಟ್ಟಿದ್ದನ್ನು ನಾವು ನಾಲ್ವರೇ ನೋಡಿದ್ದು.

ಲೆಮಾಂಟ್, ಮತ್ತೆ ಸ್ಕೋಕಿ

ಮನೆಗೆ ಬಂದಾಗ ವಿಜಿ ಫೋನು ಕಿವಿಗಿಟ್ಟುಕೊಂಡೇ ಬಾಗಿಲು ತೆರೆದಳು. ಒಂದು ಕೈಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಏನಂದೆ ಅಕ್ಕ ನೀನು! ಬೆಳಗ್ಗೆಯಿಂದ ಕಂಗ್ರಾಜುಲೇಶನ್ಸೋ ಕಂಗ್ರಾಜುಲೇಶನ್ಸು. ಪ್ರೋಗ್ರಾಂ ದೊಡ್ಡದಾಗ್ತಿದೆಯಂತೆ, ಒಂದು ಗಂಟೆ ಆಗತ್ತಾ ಅಂತ ಕೇಳ್ತಿದಾರೆ!"

ಮಧ್ಯಾಹ್ನ ಶಿಕಾಗೋ ಹೊರವಲಯದ ಲೆಮಾಂಟಿನ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋದೆವು. ಅಲ್ಲಿಯೂ ಅದೇ. ಚಪ್ಪಲಿ ಬಿಡುವ ಜಾಗದಲ್ಲೇ ಒಬ್ಬ ಯುವಕ ಅಡ್ಡಬಂದ. "ಅಂಕಲ್, ಸೂಪರ್ ನ್ಯೂಸ್! ಎಲ್ರೂ ಲೇ ಆಫ್ ಅಂತಿರೋವಾಗ ನೀವೊಬ್ರು ಎಕ್ಸ್‌ಪಾಂಡ್ ಮಾಡ್ತಿದೀರ." ಪುಳಿಯೋಗರೆ ಸಾಲಿನಲ್ಲಿ ಇನ್ನೊಬ್ಬಳು ತನ್ನ ಮಗಳ ಭರತನಾಟ್ಯಕ್ಕೆ ಜಾಗ ಕೇಳಿದಳು. ಶ್ರೀಕಂಠರು ಮೊದಲಿಬ್ಬರಿಗೆ ನಿಜ ಹೇಳಲು ಹೋದರು. ಅವರ ಮುಖ ಬಾಡುವುದನ್ನು ನೋಡಲಾರದೆ, ಆಮೇಲೆ ಬಂದವರಿಗೆಲ್ಲ ಸುಮ್ಮನೆ ತಲೆಯಾಡಿಸಿದರು.

"ಇಷ್ಟು ಮಂದಿ ನೋಡ್ತಿದ್ರು ಅಂತ ಇವತ್ತ ಗೊತ್ತಾತು," ಎಂದರು ಕಾರಿನಲ್ಲಿ. ಸ್ವಲ್ಪ ದೂರ ಹೋದ ಮೇಲೆ, "ನೋಡಿದ್ರು. ತಿಳೀಲಿಲ್ಲ. ನಾಳೆ ಎಲ್ಲಾರಿಗೂ ನಾನೇ ಫೋನ್ ಹಚ್ಚಿ ಹೇಳಬೇಕು," ಎಂದರು.

ತಪ್ಪು ನನ್ನದೇ. ಉದ್ಘೋಷಕಿಯಾದವಳು ಎಲ್ಲರಿಗೂ ಒಂದೇ ಅರ್ಥವಾಗುವಂತೆ ಮಾತಾಡಬೇಕು. ಅದು ನಮ್ಮ ಮೊದಲ ಪಾಠ. ಕ್ಷಮೆ ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, "ಬಿಡ್ರಿ ಅಕ್ಕಾರ," ಎಂದರು.

ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಾಗ ಮತ್ತೆ ಫೋನು. ಎತ್ತುವ ಚೈತನ್ಯ ಯಾರಿಗೂ ಇರಲಿಲ್ಲ. ನಾನೇ ಎತ್ತಿದೆ.

"ಹಲೋ? ಯಾರು, ದೀಪದೋರಾ?" ವಯಸ್ಸಾದ ಹೆಂಗಸಿನ ದನಿ. "ಬೆಳಗ್ಗೆಯಿಂದ ಮಾಡ್ತಾನೇ ಇದೀನಿ, ಎಂಗೇಜೇ ಬರತ್ತೆ. ನಾನು ಪುಟ್ಟತಾಯಮ್ಮ ಅಂತ, ನಂಜನಗೂಡಿನೋಳು. ಇಲ್ಲಿ ಮಗಳ ಮನೇಲಿದೀನಿ. ಊರು, ತಡೀರಿ, ಸೇಂ... ಸೇಂಟು ಜೋಸೆಫು."

ನಾನು ಎದ್ದು ನಿಂತೆ.

"ಮೇಲಿನ ಟಿ.ವಿ.ಗೆ ಮೂರ್ ಮೂರ್ ರಿಮೋಟು, ನನ್ ಕೈಲಾಗಲ್ಲ. ಕೆಳಗಡೆ ಒಂದು ಹಳೇದಿದೆ, ಅದರಲ್ಲಿ ಬರೀ ಸೊಳ್ಳೆ ಹಾರೋ ಹಾಗೆ ಬರತ್ತೆ, ಜೊತೆಗಿರ್ಲಿ ಅಂತ ಹಾಕ್ಕೊಂಡು ಕೂತಿರ್ತೀನಿ. ಇವತ್ತು ಆ ಸೊಳ್ಳೆಗಳ ಒಳಗಿಂದ ನೀವು ಬಂದ್ರಲ್ಲಮ್ಮಾ! ಕನ್ನಡ! ಮಗಳನ್ನ ಕೂಗ್ದೆ. ಅವಳು ಬರೋಷ್ಟರಲ್ಲಿ ಹೋಯ್ತು. ನಿಂಗೆ ಭ್ರಮೆ ಅಮ್ಮ, ಶಿಕಾಗೋ ಇಲ್ಲೆಲ್ಲಿ ಬರತ್ತೆ ಅಂತಾಳೆ. ನಂಬರು ಕಾಣ್ತಲ್ಲ, ಬರ್ಕೊಂಡೆ."

"ಭ್ರಮೆ ಅಲ್ಲ ತಾಯಿ. ನಾವೇ."

"ಹಾಗಾದ್ರೆ ಸರಿ." ಆಕೆ ಉಸಿರೆಳೆದುಕೊಂಡರು. "ನೀವು ದೀಪ ದೊಡ್ಡದು ಮಾಡ್ತೀವಿ ಅಂದ್ರಿ. ಅಯ್ಯೋ, ಈಗ ತಾನೇ ಕಣ್ಣಿಗೆ ಬಿದ್ದಿದ್ದು, ಆಗ್ಲೇ ಮುಗಿಸ್ತಿದಾರಲ್ಲ ಅನ್ನಿಸ್ತು. ಎದ್ದು ಕೈ ಮುಗಿದೆ. ಯಾಕಮ್ಮಾ? ಎಣ್ಣೆ ಸಾಲ್ದಾ?"

ಫೋನನ್ನು ಶ್ರೀಕಂಠರ ಕೈಗಿತ್ತೆ. "ಸೇಂಟ್ ಜೋಸೆಫಿನಿಂದ. ಬೆಳಗ್ಗೆ ನೋಡಿದಾರೆ. ಕೊನೇದು ಅಂತ ಅವರಿಗೆ ಗೊತ್ತಾಗಿದೆ."

ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಾ ನಿಂತರು. ನಿನ್ನೆ ನೀರಿನಲ್ಲಿ ನಿಂತಿದ್ದರಲ್ಲ, ಹಾಗೆ. ಕೊನೆಗೆ ಕೇಳಿದರು:

"ಚಿತ್ರ ಹೆಂಗ ಬಂದಿತ್ತವ್ವಾ?"

ಆಕೆಯ ದನಿ ಎಷ್ಟು ದೊಡ್ಡದೆಂದರೆ ನಮಗೆಲ್ಲ ಕೇಳಿಸಿತು. "ಎಲ್ಲಾ ಎರಡೆರಡು ಕಾಣ್ತಿತ್ತಪ್ಪ. ನೀನೂ ಇಬ್ರು, ಆ ಅಮ್ಮನೂ ಇಬ್ರು. ದೀಪವೂ ಎರಡಿತ್ತು. ಉರೀತಾ ಇದ್ದ ಹಾಗೇ ಹೋಯ್ತು, ಆರಿದ್ದು ನಾನು ನೋಡ್ಲಿಲ್ಲ."

ಶ್ರೀಕಂಠರು ಕುರ್ಚಿ ಎಳೆದುಕೊಂಡು ಕೂತರು. ನಂಜನಗೂಡಿನ ಯಾವ ಬೀದಿ, ಟಿ.ವಿ.ಯ ಆಂಟೆನಾ ಯಾವ ಕಡೆ ಮುಖ ಮಾಡಿದೆ, ಮೊಣಕಾಲು ನೋವು ಹೇಗಿದೆ, ಒಂದೊಂದಾಗಿ ಕೇಳತೊಡಗಿದರು. ನಡುವೆ ಬಗ್ಗಿ, ಇನ್ನೂ ಕಾಲಲ್ಲೇ ಇದ್ದ ಬೂಟಿನ ದಾರ ಬಿಚ್ಚಿದರು.

ಮಲಗುವ ಹೊತ್ತಾಗುತ್ತಾ ಬಂದಿತ್ತು. ನನ್ನ ಕ್ರಮದ ಪ್ರಕಾರ ದೇವರ ಮನೆಯ ಕೆಲಸ ಮುಗಿಸಬೇಕಾದ ಸಮಯ. ಅನಘಾ ಅಲ್ಲಿಂದ ಬಾಗಿಲಿಗೆ ಬಂದು, ಕೈಯಲ್ಲಿ ಒಂದು ಹೂ ಹಿಡಿದು, ಮೆಲ್ಲಗೆ ಕನ್ನಡದಲ್ಲಿ ಕೇಳಿದಳು:

"ದೊಡ್ಡಮ್ಮಾ, ದೀಪ ದೊಡ್ಡದು ಮಾಡ್ಲಾ?"

"ಬೇಡ ಮರೀ," ಎಂದೆ. "ಎಣ್ಣೆ ಇದೆ. ಇರಲಿ."